ಮಕ್ಕಳು ಮಕ್ಕಳಿಗೆ ಹೇಳೋ ದೇವರು

ಹಾಸನದಿಂದ ಅಣ್ಣ ಫೋನ್ ಮಾಡಿದಾಗ ಮಕ್ಕಳ ಓದಿನ ಮಾತು ಬಂದ್ರೆ ಸಾಕು, "ನಿಮ್ಮಲ್ಲಿ ಸ್ಕೂಲಲ್ಲಿ ದೇವರ ಹೆಸರೇ ಎತ್ತೋ ಹಾಗಿಲ್ವಂತಲ್ಲೇ, ಒಳ್ಳೇದಾಯ್ತು ಬಿಡು, ಓದೋ ಜಾಗದಲ್ಲಿ ಓದಷ್ಟೇ ಇರ್ಬೇಕು" ಅಂತಾನೆ. ಇಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕಿರೋ ನಮ್ಮ ಬೀದಿಯಲ್ಲಿ ರಿಟೈರ್ ಆಗಿರೋ ಒಬ್ರು ಅಜ್ಜ ಇದಾರೆ, ತುಂಬಾ ಒಳ್ಳೆ ಮನುಷ್ಯ, ಅವರೂ ಇದನ್ನೇ ಹೇಳ್ತಾರೆ, ಆದ್ರೆ ಸಂಕಟದಿಂದ. 1962ರಲ್ಲಿ ದೇವರನ್ನ ಸ್ಕೂಲಿಂದ ಆಚೆ ಕಳಿಸಿಬಿಟ್ರು, ಅವತ್ತಿಂದ ದೇಶ ಹಾಳಾಗ್ತಾ ಬಂತು ಅಂತ. ಒಬ್ರಿಗೆ ಸಮಾಧಾನ, ಇನ್ನೊಬ್ರಿಗೆ ಸಂಕಟ, ಆದ್ರೆ ಇಬ್ರೂ ನಂಬಿರೋದು ನಿಜ ಅಲ್ಲ. 1962ರಲ್ಲಿ ಸುಪ್ರೀಂ ಕೋರ್ಟು ನಿಲ್ಸಿದ್ದು ನ್ಯೂಯಾರ್ಕ್ ರಾಜ್ಯದ ಅಧಿಕಾರಿಗಳೇ ಕೂತು ಬರೆದಿದ್ದ 22 ಪದದ ಒಂದು ಪ್ರಾರ್ಥನೆಯನ್ನ, ಮಾರನೇ ವರ್ಷ ನಿಲ್ಸಿದ್ದು ಶಾಲೆಯೇ ದಿನಾ ಬೆಳಿಗ್ಗೆ ಬೈಬಲ್ ಓದಿಸೋದನ್ನ. ಅಂದ್ರೆ ಸರ್ಕಾರ ಮಾಡೋ ಪ್ರಾರ್ಥನೆ ನಿಂತಿತು, ಮಗು ಮಾಡೋ ಪ್ರಾರ್ಥನೆಯನ್ನ ಯಾರೂ ಮುಟ್ಟಲಿಲ್ಲ. ಇವತ್ತಿಗೂ ನಮ್ಮ ಕಡೆ ಪಬ್ಲಿಕ್ ಸ್ಕೂಲಿನ, ಅಂದ್ರೆ ಸರ್ಕಾರಿ ಶಾಲೆಯ, ಮಗು ಊಟಕ್ಕೆ ಮುಂಚೆ ಕಣ್ಮುಚ್ಚಿ ಕೈ ಜೋಡಿಸಬಹುದು, ಕೊರಳಲ್ಲಿ ಶಿಲುಬೆ ಹಾಕಬಹುದು, ಆಟದ ಬಿಡುವಲ್ಲಿ ಬೈಬಲ್ ಓದಬಹುದು, ಪಕ್ಕದಲ್ಲಿ ಕೂತವಳಿಗೆ "ಬುಧವಾರ ಸಂಜೆ ನಮ್ಮ ಚರ್ಚಿಗೆ ಬಾ" ಅಂತ ಕರೀಬಹುದು. ಈ ಕೊನೇದಿದೆಯಲ್ಲ, ಅದೇ ನನ್ನನ್ನ ವರ್ಷಗಳಿಂದ ಕೊರೀತಾ ಇರೋದು.

ಟೀಚರ್ ಮಕ್ಕಳಿಗೆ ಮತಪ್ರಚಾರ ಮಾಡಿದ್ರೆ ಏನು ಹೇಳ್ಬೇಕು ಅಂತ ನಮಗೆಲ್ಲ ಗೊತ್ತು, ಅದು ತಪ್ಪು, ಮುಗೀತು. ಆದ್ರೆ ಎಂಟು ವರ್ಷದ ಮಗು ಎಂಟು ವರ್ಷದ ಇನ್ನೊಂದು ಮಗುಗೆ ಮತಪ್ರಚಾರ ಮಾಡಿದ್ರೆ?

ಪಿಕಪ್ ಲೈನಲ್ಲಿ

ನನ್ನ ಮಗಳು ಮೂರನೇ ಗ್ರೇಡಲ್ಲಿದ್ದಾಗ ನಮ್ಮಮ್ಮ ಹೋದ್ರು. ನಾನು ಊರಿಗೆ ಹೋಗಿ ಕಾರ್ಯ ಎಲ್ಲ ಮುಗಿಸ್ಕೊಂಡು ಬಂದಿದ್ದೆ, ಮಗಳು ಇಲ್ಲೇ ಅವರಪ್ಪನ ಜೊತೆ ಇದ್ದಳು. ವಾಪಸ್ ಬಂದಮೇಲೆ ಒಂದಿನ ಸ್ಕೂಲಿಂದ ಕರ್ಕೊಂಡು ಬರೋಕೆ ಪಿಕಪ್ ಲೈನಲ್ಲಿ ಕಾರು ನಿಲ್ಲಿಸಿದೀನಿ, ಮಗಳು ಹಿಂದಿನ ಸೀಟಲ್ಲಿ ಕೂತು ಬೆಲ್ಟ್ ಹಾಕ್ಕೊಳ್ತಾ ಕೇಳಿದಳು, "ಅಮ್ಮ, ಅಜ್ಜಿ ಈಗ ಬೆಂಕಿಲಿ ಇದಾರಾ?" ನಾನು ದಹನದ ವಿಷಯ ಯಾರೋ ಹೇಳಿರ್ಬೇಕು ಅಂದ್ಕೊಂಡೆ, ಇಲ್ಲಿನ ಮಕ್ಕಳಿಗೆ ಅದು ಹೊಸದು, ಹೇಗೆ ಹೇಳೋದು ಅಂತ ಮಾತು ಹುಡುಕ್ತಾ ಇದ್ದೆ. ಅಷ್ಟರಲ್ಲಿ ಅವಳೇ ಮುಂದುವರೆಸಿದಳು. ಅವಳ ಟೇಬಲ್ಲಿನ ಗೆಳತಿ, ಕ್ಲಾಸಲ್ಲಿ ಅವಳಿಗೆ ಎಲ್ಲರಿಗಿಂತ ಹತ್ರ ಇದ್ದೋಳು, ಲಂಚಲ್ಲಿ ಕೇಳಿದಾಳೆ, "ನಿನ್ನ ಗ್ರ್ಯಾಂಡ್ಮಾ ಜೀಸಸ್‌ನ ಮನಸ್ಸಿಗೆ ತಗೊಂಡಿದ್ರಾ?" ಇವಳು "ಗೊತ್ತಿಲ್ಲ, ನಮ್ಮಜ್ಜಿ ದಿನಾ ತುಳಸಿಗೆ ನೀರು ಹಾಕ್ತಿದ್ರು" ಅಂದಿದಾಳೆ. ಅದಕ್ಕೆ ಆ ಹುಡುಗಿ, ಹಾಗಿದ್ರೆ ಅವರು ಸ್ವರ್ಗಕ್ಕೆ ಹೋಗಿರಲ್ಲ, ಬೆಂಕಿ ಇರೋ ಜಾಗಕ್ಕೆ ಹೋಗಿರ್ತಾರೆ, ನೀನೂ ಅಲ್ಲಿಗೇ ಹೋಗ್ತೀಯ, ನಂಗೆ ಅದು ಬೇಡ ಅಂತ ಹೇಳಿ ತಾನೇ ಅಳೋಕೆ ಶುರು ಮಾಡಿದಾಳೆ. ಅತ್ತು, ಇವಳನ್ನ ತಬ್ಕೊಂಡು, ತನ್ನ ಕೈಲಿದ್ದ ಒಂದು ಮಣಿ ಬಳೆ ತೆಗೆದು ಇವಳಿಗೆ ಹಾಕಿದಾಳೆ.

ಆ ಬಳೆ ನಾನು ಕಾರಲ್ಲೇ ನೋಡಿದೆ. ದಾರದಲ್ಲಿ ಪೋಣಿಸಿದ ಪ್ಲಾಸ್ಟಿಕ್ ಮಣಿಗಳು, ಕಪ್ಪು, ಕೆಂಪು, ಬಿಳಿ, ಹಸಿರು, ಚಿನ್ನದ ಬಣ್ಣ. ಬೇಸಿಗೆ ರಜೆಯಲ್ಲಿ ಚರ್ಚುಗಳಲ್ಲಿ ನಡೆಯೋ ಬೈಬಲ್ ಸ್ಕೂಲಲ್ಲಿ ಮಕ್ಕಳ ಕೈಲೇ ಇದನ್ನ ಮಾಡಿಸ್ತಾರೆ. ಕಪ್ಪು ಪಾಪ, ಕೆಂಪು ಏಸುವಿನ ರಕ್ತ, ಬಿಳಿ ತೊಳೆದ ಹೃದಯ, ಹಸಿರು ಅಂದ್ರೆ ಭಕ್ತಿಯಲ್ಲಿ ಬೆಳೆಯೋದು, ಚಿನ್ನ ಸ್ವರ್ಗ. ಓದೋಕೆ ಬರದ ಮಗು ಕೂಡ ಒಂದೊಂದು ಮಣಿ ಮುಟ್ಟಿ ಇನ್ನೊಂದು ಮಗುಗೆ ಇಡೀ ಕಥೆ ಹೇಳಬಹುದು, ಅದಕ್ಕೇ ಅಂತ ಮಾಡಿರೋದು. ನನ್ನ ಮಗಳಿಗೆ ಅಷ್ಟೂ ಬಾಯಿಗೆ ಬಂದಿತ್ತು, ಒಂದೇ ಲಂಚ್ ಟೈಮಲ್ಲಿ.

ನಂಗೆ ಬಂದ ಸಿಟ್ಟು ಎಷ್ಟು ಅಂದ್ರೆ ಮನೆ ತಲುಪೋವರೆಗೂ ಮಾತಾಡಲಿಲ್ಲ. ನಮ್ಮಮ್ಮ ಯಾರಿಗೂ ಒಂದು ಕೆಟ್ಟ ಮಾತಾಡಿದವರಲ್ಲ, ಬಾಗಿಲಿಗೆ ಬಂದವರಿಗೆ ಊಟ ಹಾಕದೆ ಕಳಿಸಿದವರಲ್ಲ, ಅವರು ತೀರಿಹೋಗಿ ವೈಕುಂಠ ಸಮಾರಾಧನೆ ಮುಗಿಸಿ ಬಂದು ಇನ್ನೂ ಬಟ್ಟೆ ಸೂಟ್‌ಕೇಸಿಂದ ತೆಗೆದಿಲ್ಲ, ಅವರ ಮೊಮ್ಮಗಳು ಅವರು ಬೆಂಕಿಲಿದಾರಾ ಅಂತ ಕೇಳ್ತಿದಾಳೆ. ಆದ್ರೂ ಆ ರಾತ್ರಿ ಮಲಗೋಕೆ ಮುಂಚೆ ಮಗಳು ಹೇಳಿದ್ದು ನನ್ನ ಸಿಟ್ಟಿಗೆ ಅಡ್ಡ ಬಂತು. "ಅಮ್ಮ, ಅವಳಿಗೆ ಬೈಬೇಡ, ಅವಳು ನಿಜವಾಗ್ಲೂ ಹೆದರಿದ್ಲು."

ಅದೇ ಇಲ್ಲಿರೋ ಕಷ್ಟ. ಆ ಮಗು ಅವಮಾನ ಮಾಡೋಕೆ ಹೇಳಿದ್ದಲ್ಲ, ಹಂಗಿಸಿದ್ದಲ್ಲ. ಅದರ ಮನಸ್ಸಲ್ಲಿ ಗೆಳತಿ ಒಬ್ಬಳು ಬೆಂಕಿ ಕಡೆಗೆ ನಡ್ಕೊಂಡು ಹೋಗ್ತಿದಾಳೆ, ಕೂಗಿ ಕರೀದೆ ಇದ್ರೆ ಅದು ಎಂಥ ಸ್ನೇಹ? ದೊಡ್ಡವರು ಅದಕ್ಕೆ ಕೊಟ್ಟಿರೋ ಲೋಕದಲ್ಲಿ ಅದು ಮಾಡಿದ್ದು ಪ್ರೀತಿಯ ಕೆಲಸವೇ. ಪೆಟ್ಟು ಬಿದ್ದಿದ್ದು ನನ್ನ ಮಗಳಿಗೆ. ಎರಡೂ ನಿಜ, ಒಂದು ನಿಜ ಇನ್ನೊಂದನ್ನ ಅಳಿಸಲ್ಲ. ಇದನ್ನ ಬರೀ "ಅವರು ಕೆಟ್ಟವರು, ಮತಾಂತರಿಗಳು" ಅಂತ ಮುಗಿಸೋರ ಜೊತೆ ನಂಗೆ ಮಾತು ಮುಂದುವರೆಸೋಕೆ ಆಗಲ್ಲ, "ಮಕ್ಕಳ ಮಾತು ತಲೆಗೆ ಹಚ್ಕೋಬೇಡಿ" ಅನ್ನೋರ ಜೊತೆಗೂ ಆಗಲ್ಲ.

ಆಮೇಲೆ ಸ್ಕೂಲಿನ ಬುಕ್ ಫೇರ್‌ನಲ್ಲಿ ಆ ಹುಡುಗಿಯ ಅಮ್ಮ ಸಿಕ್ಕಿದ್ರು, ನಾನೇ ಹೋಗಿ ಮಾತಾಡಿಸಿದೆ. ಜಗಳಕ್ಕೆ ಹೋಗಲಿಲ್ಲ, ನಡೆದಿದ್ದು ಹೇಳಿದೆ. ಅವರ ಮುಖ ಕೆಂಪಾಯ್ತು. ಅಜ್ಜಿ ವಿಷಯ ಗೊತ್ತಿರಲಿಲ್ಲ, ಅದಕ್ಕೆ ತುಂಬಾ ಬೇಜಾರಾಯ್ತು ಅಂದ್ರು, ಕೈ ಹಿಡ್ಕೊಂಡ್ರು. ಆಮೇಲೆ ಮುಚ್ಚುಮರೆ ಇಲ್ಲದೆ ಇನ್ನೊಂದು ಮಾತು ಹೇಳಿದ್ರು: "ಯಾರು ನಿಂಗೆ ಇಷ್ಟಾನೋ ಅವರಿಗೆ ಜೀಸಸ್ ಬಗ್ಗೆ ಹೇಳು ಅಂತ ನಾವೇ ಕಲಿಸಿದೀವಿ. ಅದನ್ನ ಹೇಳ್ಬೇಡ ಅಂತ ನಾನು ಅವಳಿಗೆ ಹೇಳೋಕಾಗಲ್ಲ. ಆದ್ರೆ ನಿಮ್ಮ ಮಗಳು ಬೇಡ ಅಂದ್ರೆ ನಿಲ್ಲಿಸು ಅಂತ ಹೇಳ್ತೀನಿ." ನಾನು ಆ ಉತ್ತರವನ್ನ ಮನೆಗೆ ಬಂದು ಎಷ್ಟೋ ಸಲ ಮನಸ್ಸಲ್ಲಿ ತಿರುಗಿಸಿ ನೋಡಿದೀನಿ. ಅವರ ನಂಬಿಕೆ ಒಳಗಿಂದ ಅದಕ್ಕಿಂತ ಹೆಚ್ಚಿನದನ್ನ ಅವರು ಕೊಡೋಕೆ ಸಾಧ್ಯ ಇರಲಿಲ್ಲ, ನಂಗೂ ಅದಕ್ಕಿಂತ ಹೆಚ್ಚಿಂದು ಕೇಳೋ ಹಕ್ಕಿರಲಿಲ್ಲ ಅಂತ ಈಗ ಅನ್ಸುತ್ತೆ.

ಪ್ಲೇನೋದ ಪೆನ್ನಿನ ಕೇಸು

ನಮ್ಮ ಪಕ್ಕದ ಪ್ಲೇನೋದಲ್ಲೇ ಇದರ ಮೇಲೆ ದೊಡ್ಡ ಕೇಸು ನಡೆದಿದೆ. 2003ರ ಡಿಸೆಂಬರಲ್ಲಿ ಮೂರನೇ ಗ್ರೇಡಿನ ಒಬ್ಬ ಹುಡುಗ ಚಳಿಗಾಲದ ರಜೆ ಮುಂಚಿನ ಕ್ಲಾಸ್ ಪಾರ್ಟಿಗೆ ಎಲ್ಲ ಮಕ್ಕಳಿಗೂ ಕೊಡೋಕೆ ಕ್ಯಾಂಡಿ ಕೇನ್ (ಕ್ರಿಸ್ಮಸ್‌ಗೆ ಕೊಡೋ, ತುದಿ ಬಾಗಿದ ಕೋಲಿನಂಥ ಮಿಠಾಯಿ) ಆಕಾರದ ಪೆನ್ನು ತಂದಿದ್ದ, ಅದರ ಜೊತೆ ಒಂದು ಕಾರ್ಡು, ಆ ಮಿಠಾಯಿ ಯಾಕೆ ಆ ಆಕಾರದಲ್ಲಿದೆ, ಅದಕ್ಕೂ ಏಸುವಿಗೂ ಏನು ಸಂಬಂಧ ಅಂತ ಹೇಳೋ ಕಾರ್ಡು. ಬೇರೆ ಮಕ್ಕಳು ತಂದ ಉಡುಗೊರೆ ಹಂಚಬಹುದು, ಇದನ್ನ ಹಂಚೋ ಹಾಗಿಲ್ಲ ಅಂತ ಸ್ಕೂಲಿನವರು ತಡೆದ್ರು. ಅಪ್ಪ ಅಮ್ಮ ಕೋರ್ಟಿಗೆ ಹೋದ್ರು, ವರ್ಷಾನುಗಟ್ಲೆ ನಡೆದು 2011ರಲ್ಲಿ ಫಿಫ್ತ್ ಸರ್ಕ್ಯೂಟ್ ಅನ್ನೋ ಕೇಂದ್ರದ ಮೇಲ್ಮನವಿ ಕೋರ್ಟಿನ ಎಲ್ಲ ಜಡ್ಜುಗಳೂ ಸೇರಿ ತೀರ್ಪು ಕೊಟ್ರು. ಆಗಿನ ಕಾನೂನು ಅಷ್ಟು ಸ್ಪಷ್ಟ ಇರಲಿಲ್ಲ, ಹಾಗಾಗಿ ಪ್ರಿನ್ಸಿಪಾಲರು ಸ್ವಂತ ಜೇಬಿಂದ ಪರಿಹಾರ ಕಟ್ಟಬೇಕಾಗಿಲ್ಲ ಅಂದ್ರು, ಆದ್ರೆ ಎಲಿಮೆಂಟರಿ ಸ್ಕೂಲಿನ ಮಗುಗೂ ವಾಕ್ ಸ್ವಾತಂತ್ರ್ಯ ಇದೆ, ಧರ್ಮದ ಮಾತು ಅನ್ನೋ ಒಂದೇ ಕಾರಣಕ್ಕೆ ಅದನ್ನ ತಡೆಯೋ ಹಾಗಿಲ್ಲ ಅಂತಾನೂ ಬಹುಮತದಲ್ಲಿ ಹೇಳಿದ್ರು.

ಇಲ್ಲಿನ ನಮ್ಮ ದೇಸಿ ಅಪ್ಪ ಅಮ್ಮಂದಿರ ಮಧ್ಯೆ ಈ ಕೇಸಿನ ಮಾತು ಬಂದಾಗ "ನೋಡಿದ್ರಾ, ಚಿಕ್ಕ ಮಕ್ಕಳ ಕೈಲೂ ಪ್ರಚಾರ ಮಾಡಿಸೋಕೆ ಲೈಸೆನ್ಸ್" ಅಂತಾರೆ. ನನ್ನ ಅಭಿಪ್ರಾಯ ಬೇರೆ. ಎಲ್ಲರೂ ಏನಾದ್ರೂ ಹಂಚ್ತಿರೋ ಪಾರ್ಟಿಯಲ್ಲಿ ಆ ಹುಡುಗ ಒಂದ್ಸಲ ಕಾರ್ಡು ಕೊಟ್ಟ, ಬೇಡ ಅಂದವರು ಕಸದ ಬುಟ್ಟಿಗೆ ಹಾಕಬಹುದಿತ್ತು. ದೀಪಾವಳಿಗೆ ನನ್ನ ಮಗಳು ಇಡೀ ಕ್ಲಾಸಿಗೆ ಸಣ್ಣ ಮಣ್ಣಿನ ಹಣತೆ ಒಯ್ದಾಗ, ಜೊತೆಗೆ ನರಕಾಸುರನ ಕಥೆ ನಾಲ್ಕು ಸಾಲು ಬರೆದ ಚೀಟಿ ಅಂಟಿಸಿದಾಗ, ಅವಳನ್ನ ಕಾಯೋದೂ ಅದೇ ಕಾನೂನು. ಕೃಷ್ಣ ದೇವರು ಅಂತ ಅದರಲ್ಲಿ ಬರೆದಿತ್ತು. ಅದನ್ನ ಓದಿದ ಬ್ಯಾಪ್ಟಿಸ್ಟ್ ಅನ್ನೋ ಕ್ರೈಸ್ತ ಪಂಗಡದ ಯಾವುದೋ ಅಮ್ಮನಿಗೂ ಮನೆಯಲ್ಲಿ ಕಷ್ಟದ ಪ್ರಶ್ನೆ ಬಂದಿರಬಹುದು.

ನಮ್ಮಲ್ಲಿ ಒಂದು ವಾದ ಇದೆ, ನಾವು ಯಾರನ್ನೂ ಬಾ ಅಂತ ಕರೆಯಲ್ಲ, ಬರೀ ನಮ್ಮ ಸಂಸ್ಕೃತಿ ತೋರಿಸ್ತೀವಿ, ಅವರು ಮತಾಂತರ ಮಾಡೋಕೆ ನೋಡ್ತಾರೆ, ಹಾಗಾಗಿ ಎರಡೂ ಒಂದೇ ಅಲ್ಲ ಅಂತ. ಉದ್ದೇಶದಲ್ಲಿ ವ್ಯತ್ಯಾಸ ಇದೆ, ಒಪ್ತೀನಿ. ಆದ್ರೆ ಆ ವ್ಯತ್ಯಾಸ ಅಳೆಯೋ ಅಧಿಕಾರ ಪ್ರಿನ್ಸಿಪಾಲರ ಕೈಗೆ ಕೊಡೋಕೆ ನಂಗೆ ಧೈರ್ಯ ಇಲ್ಲ. ಟೆಕ್ಸಸ್‌ನಲ್ಲಿ ಯಾವ ದೇವರು ಸಂಸ್ಕೃತಿ, ಯಾವ ದೇವರು ಪ್ರಚಾರ ಅಂತ ಅಧಿಕಾರದಲ್ಲಿರೋರು ತೀರ್ಮಾನ ಮಾಡೋಕೆ ಶುರು ಮಾಡಿದ್ರೆ ಅದು ಎಲ್ಲಿಗೆ ಹೋಗುತ್ತೆ ಅಂತ 2017ರಲ್ಲಿ ಫ್ರಿಸ್ಕೋದಲ್ಲಿ ಒಂದು ಸಣ್ಣ ತುಣುಕು ನೋಡಿದೀವಿ. ಅಲ್ಲಿನ ಲಿಬರ್ಟಿ ಹೈಸ್ಕೂಲಲ್ಲಿ ಖಾಲಿ ಇರೋ ಒಂದು ರೂಮಲ್ಲಿ ಶುಕ್ರವಾರ ಮುಸ್ಲಿಂ ಮಕ್ಕಳು ತಾವೇ ನಮಾಜ್ ಮಾಡ್ಕೊಳ್ತಿದ್ರು, ರೂಮು ಎಲ್ಲ ಧರ್ಮದವರಿಗೂ ತೆರೆದಿತ್ತು. ಸ್ಕೂಲಲ್ಲಿ ಮಕ್ಕಳ ಪ್ರಾರ್ಥನೆ ಹಕ್ಕಿನ ಬಗ್ಗೆ ಸದಾ ಮಾತಾಡೋ ಇದೇ ರಾಜ್ಯದ ಅಟಾರ್ನಿ ಜನರಲ್ ಆಫೀಸಿಂದ, ಬೇರೆ ಧರ್ಮದವರನ್ನ ಹೊರಗಿಡ್ತಿದೀರಾ ಅಂತ ಅನುಮಾನದ ಪತ್ರ ಬಂತು. ಸ್ಕೂಲ್ ಡಿಸ್ಟ್ರಿಕ್ಟಿನ ಮುಖ್ಯಸ್ಥರು ಈ ಪತ್ರ ಬರೀ ಸುದ್ದಿಯಾಗೋಕೆ ಬರೆದ ಹಾಗಿದೆ ಅಂತ ನೇರವಾಗೇ ಉತ್ತರ ಬರೆದ್ರು. ಆ ಉತ್ತರ ಬರೆದವರ ಬಗ್ಗೆ ನಂಗೆ ಇವತ್ತಿಗೂ ಗೌರವ ಇದೆ.

ಒಂದ್ಸಲ ಕರೆಯೋದು, ಮತ್ತೆ ಮತ್ತೆ ಕರೆಯೋದು

ಟೀಚರ್ ಹತ್ರ ಹೋಗೋ ಮುಂಚೆ ನಾನು ಸುಮಾರು ಓದಿದೆ. ಓದಿದ್ದರಲ್ಲಿ ತುಂಬಾ ಉಪಯೋಗಕ್ಕೆ ಬಂದಿದ್ದು ಯಾವ ತೀರ್ಪೂ ಅಲ್ಲ, 1995ರಲ್ಲಿ ಅಮೆರಿಕದ ಹಲವು ಸಂಘಟನೆಗಳು ಸೇರಿ ಬರೆದ ಒಂದು ಜಂಟಿ ಹೇಳಿಕೆ. ಯಹೂದಿಗಳು, ಮುಸ್ಲಿಮರು, ಬ್ಯಾಪ್ಟಿಸ್ಟರು, ಇವ್ಯಾಂಜೆಲಿಕಲ್ ಚರ್ಚುಗಳ ಒಕ್ಕೂಟ, ನಾಗರಿಕ ಹಕ್ಕಿನ ವಕೀಲರು, ಬೇರೆ ದಿನ ಒಬ್ರಿಗೊಬ್ರು ಕೋರ್ಟಲ್ಲಿ ಎದುರಾಗೋರು, ಪಬ್ಲಿಕ್ ಸ್ಕೂಲಲ್ಲಿ ಧರ್ಮದ ವಿಷಯದಲ್ಲಿ ಕಾನೂನು ಇವತ್ತು ಏನು ಹೇಳುತ್ತೆ ಅಂತ ಒಪ್ಕೊಂಡು ಸಹಿ ಹಾಕಿದ್ದು. ಅದರಲ್ಲಿ ಒಂದು ಭಾಗ ನನ್ನ ಪ್ರಶ್ನೆಗೆ ನೇರ ಉತ್ತರ. ಒಬ್ಬ ವಿದ್ಯಾರ್ಥಿ ಇನ್ನೊಬ್ಬನನ್ನ ಚರ್ಚಿಗೆ ಕರೆಯೋದು ಸಂವಿಧಾನಕ್ಕೆ ಸರಿ, ಮನ ಒಲಿಸೋಕೆ ನೋಡೋದೂ ಸರಿ, ಆದ್ರೆ ನಿಲ್ಲಿಸು ಅಂದಮೇಲೂ ಮತ್ತೆ ಮತ್ತೆ ಕರೆದ್ರೆ ಅದು ಕಿರುಕುಳ, ಆಗ ಸ್ಕೂಲಿನವರು ಮಧ್ಯೆ ಬರ್ಬೇಕು. ಅದೇ ವರ್ಷ ಕೇಂದ್ರ ಶಿಕ್ಷಣ ಇಲಾಖೆ ಸ್ಕೂಲುಗಳಿಗೆ ಕಳಿಸಿದ ಮಾರ್ಗಸೂಚಿಯಲ್ಲೂ ಇದೇ ಧಾಟಿ, ರಾಜಕೀಯದ ಬಗ್ಗೆ ಹೇಗೆ ಗೆಳೆಯರ ಜೊತೆ ವಾದ ಮಾಡಬಹುದೋ ಧರ್ಮದ ಬಗ್ಗೆಯೂ ಹಾಗೇ, ಕಿರುಕುಳ ಆದ್ರೆ ತಡೀಬೇಕು.

ಇದರಲ್ಲಿ ನಂಗೆ ಹಿಡಿಸಿದ್ದು ಏನಂದ್ರೆ, ಇಲ್ಲಿ ಬೇಲಿ ಹಾಕಿರೋದು ಹೇಳೋ ಮಗುವಿನ ಬಾಯಿಗಲ್ಲ, ಕೇಳಿಸ್ಕೊಳ್ಳೋ ಮಗುವಿನ "ಬೇಡ" ಅನ್ನೋ ಮಾತಿನ ಸುತ್ತ. ಮೂರನೇ ಗ್ರೇಡಿನ ಮಗುಗೆ ಬೇಡ ಅನ್ನೋಕೆ ಬರುತ್ತಾ ಅನ್ನೋದು ಬೇರೆ ಪ್ರಶ್ನೆ, ಅದನ್ನ ಕಲಿಸ್ಬೇಕಾಗುತ್ತೆ. ನಾವು ಮಗಳಿಗೆ ಒಂದು ವಾಕ್ಯ ಹೇಳ್ಕೊಟ್ವಿ: "ನಮ್ಮನೆ ದೇವರು ಬೇರೆ, ನಂಗೆ ಈ ಮಾತು ಬೇಡ, ಆಟ ಆಡೋಣ ಬಾ." ಟೀಚರ್‌ಗೂ ಇಷ್ಟೇ ಹೇಳಿದೆ. ಅವರು, ಲಂಚಲ್ಲಿ ಮಕ್ಕಳು ಏನು ಮಾತಾಡ್ತಾರೆ ಅನ್ನೋದನ್ನ ನಾನು ನಿಲ್ಲಿಸೋಕಾಗಲ್ಲ, ಆದ್ರೆ ನಿಮ್ಮ ಮಗಳು ಬೇಡ ಅಂದಿದಾಳೆ ಅಂತ ಗೊತ್ತಾದಮೇಲೆ ಮುಂದುವರೆದ್ರೆ ನಾನು ನಿಲ್ಲಿಸ್ತೀನಿ ಅಂದ್ರು. ಆ ಮಾತಿನಂತೆ ನಡ್ಕೊಂಡ್ರು ಕೂಡ.

ಮಧ್ಯೆ ಇನ್ನೊಂದು ಬಂತು, ಅದರ ಬಗ್ಗೆ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬೇರೆ ಒಬ್ಬ ಹುಡುಗ ಬುಧವಾರದ ಚರ್ಚ್ ಕ್ಲಬ್ಬಿಗೆ ಬಾ ಬಾ ಅಂತ ಇವಳ ಹಿಂದೆ ಬಿದ್ದ. ವಿಚಾರಿಸಿದ್ರೆ, ಹೊಸ ಗೆಳೆಯರನ್ನ ಕರ್ಕೊಂಡು ಬಂದ ಮಗುಗೆ ಅಲ್ಲಿ ಪಾಯಿಂಟ್ಸ್ ಕೊಡ್ತಾರಂತೆ, ಪಾಯಿಂಟ್ಸ್ ಸೇರಿಸಿ ಬಹುಮಾನ. ಆ ಮೊದಲ ಹುಡುಗಿಯ ಅಳು ನಿಜವಾದ ಅಳು, ಅದಕ್ಕೆ ನಾನು ಏನೂ ಹೇಳಲ್ಲ. ಈ ಹುಡುಗನ ಕರೆಯ ಹಿಂದೆ ಒಬ್ರು ದೊಡ್ಡವರು ಲೆಕ್ಕದ ಪುಸ್ತಕ ಹಿಡಿದು ಕೂತಿದಾರೆ. ತಾವೇ ಸ್ಕೂಲಿನ ಗೇಟ್ ದಾಟಿ ಬರೋಕೆ ಕಾನೂನು ಬಿಡಲ್ಲ ಅಂತ ಗೊತ್ತಿದ್ದು, ಒಳಗೆ ಹೋಗೋಕಾಗೋ ಮಗುವಿನ ಬ್ಯಾಗಲ್ಲಿ ತಮ್ಮ ಕೆಲಸ ಇಟ್ಟು ಕಳಿಸೋದು ಮಗುವಿನ ಸ್ವಾತಂತ್ರ್ಯ ಅಲ್ಲ. ಕಾನೂನಲ್ಲಿ ಇದನ್ನ ಹಿಡಿಯೋಕಾಗಲ್ಲ, ಹಿಡಿಯೋ ಕಾನೂನು ಮಾಡ್ಬೇಕು ಅಂತಾನೂ ನಾನು ಹೇಳ್ತಿಲ್ಲ, ಆದ್ರೆ ಇದನ್ನ ಮಾಡೋ ಯಾವ ಧರ್ಮದವರಾದ್ರೂ ಸರಿ, ಮಕ್ಕಳ ಸ್ನೇಹವನ್ನ ಖರ್ಚು ಮಾಡ್ತಿದಾರೆ.

ಮೈಕು ಯಾರದ್ದು

ವಿದ್ಯಾರ್ಥಿಯ ಮಾತು ಅನ್ನೋದು ಯಾವಾಗ ಶಾಲೆಯ ಮಾತಾಗುತ್ತೆ ಅನ್ನೋಕೆ ಟೆಕ್ಸಸ್‌ನದ್ದೇ ಇನ್ನೊಂದು ಕೇಸು ಇದೆ. ಗ್ಯಾಲ್ವೆಸ್ಟನ್ ಹತ್ರ ಸಾಂಟಾ ಫೇ ಅಂತ ಊರು, ಅಲ್ಲಿ ಹೈಸ್ಕೂಲ್ ಫುಟ್‌ಬಾಲ್ ಮ್ಯಾಚಿಗೆ ಮುಂಚೆ ಮಕ್ಕಳೇ ವೋಟ್ ಹಾಕಿ ಆರಿಸಿದ ವಿದ್ಯಾರ್ಥಿ ಮೈಕಲ್ಲಿ ಪ್ರಾರ್ಥನೆ ಹೇಳೋದು. ಮಕ್ಕಳೇ ಆರಿಸಿದ್ದು, ಮಗುವೇ ಹೇಳಿದ್ದು, ನಮ್ಮದೇನಿದೆ ಅಂತ ಸ್ಕೂಲಿನವರ ವಾದ. 2000ದಲ್ಲಿ ಸುಪ್ರೀಂ ಕೋರ್ಟು 6-3ರಲ್ಲಿ ಆಗಲ್ಲ ಅಂದಿತು, ಮೈದಾನ ಶಾಲೆಯದ್ದು, ಮೈಕು ಶಾಲೆಯದ್ದು, ಕಾರ್ಯಕ್ರಮ ಶಾಲೆಯದ್ದು, ಬಾಯಿ ಮಾತ್ರ ಮಗುವಿನದ್ದು ಅಂದ್ರೆ ಸಾಲದು. ಅಲ್ಪಸಂಖ್ಯಾತರ ಹಕ್ಕನ್ನ ವೋಟಿಗೆ ಹಾಕೋ ಹಾಗೇ ಇಲ್ಲ. ಈ ಕೇಸಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದೆ ಇರೋದು, ಕೋರ್ಟಿಗೆ ಹೋಗಿದ್ದು ನಾಸ್ತಿಕರಲ್ಲ, ಹಿಂದೂಗಳಲ್ಲ, ಮಾರ್ಮನ್ ಅನ್ನೋ ಕ್ರೈಸ್ತ ಪಂಗಡದ ಒಂದು ಕುಟುಂಬ, ಒಂದು ಕ್ಯಾಥೊಲಿಕ್ ಕುಟುಂಬ. ಆ ಮಾರ್ಮನ್ ಹುಡುಗಿ ಏಳನೇ ಗ್ರೇಡಲ್ಲಿದ್ದಾಗ ಟೀಚರ್ ಕ್ಲಾಸಲ್ಲೇ ಬ್ಯಾಪ್ಟಿಸ್ಟ್ ಸಭೆಯೊಂದರ ಕರಪತ್ರ ಹಂಚಿ, ಬ್ಯಾಪ್ಟಿಸ್ಟ್ ಅಲ್ಲದವರೂ ಬರಬಹುದಾ ಅಂತ ಅವಳು ಕೇಳಿದ್ದಕ್ಕೆ ನಿಂದ್ಯಾವ ಧರ್ಮ ಅಂತ ಕೇಳಿ, ಮಾರ್ಮನ್ ಅಂದಾಗ ಅದು ಕ್ರೈಸ್ತ ಧರ್ಮವೇ ಅಲ್ಲ ಅನ್ನೋ ಹಾಗೆ ಎಲ್ಲರೆದುರು ಬೈದಿದ್ರು. ಕೇಸು ನಡೀವಾಗ ದೂರು ಕೊಟ್ಟವರ ಹೆಸರೇ ಮುಚ್ಚಿಡಬೇಕಾಯ್ತು, ಅವರು ಯಾರು ಅಂತ ಪತ್ತೆ ಮಾಡೋಕೆ ಹೋದ ಸ್ಕೂಲಿನವರಿಗೆ ಜಡ್ಜು ಎಚ್ಚರಿಕೆ ಕೊಡಬೇಕಾಯ್ತು. ಬೇಡ ಅಂದ್ರೆ ಏನಾಗುತ್ತೆ ಅನ್ನೋದು ಇಲ್ಲಿದೆ. ಬೇಡ ಅಂದವರು ಹೆಸರು ಮುಚ್ಚಿಡಬೇಕಾದ ಊರಲ್ಲಿ ಯಾರ ಮಾತೂ ಬರೀ ಒಬ್ಬ ವಿದ್ಯಾರ್ಥಿಯ ಮಾತಾಗಿರಲ್ಲ.

ಹೈಸ್ಕೂಲಿಗೆ 1984ರಿಂದ ಒಂದು ಕಾನೂನಿದೆ, ಚೆಸ್ ಕ್ಲಬ್ಬಿಗೆ ಜಾಗ ಕೊಟ್ರೆ ಬೈಬಲ್ ಕ್ಲಬ್ಬಿಗೂ ಕೊಡಬೇಕು, ಆದ್ರೆ ಮಕ್ಕಳೇ ಶುರು ಮಾಡ್ಬೇಕು, ಹೊರಗಿನವರು ನಡೆಸೋ ಹಾಗಿಲ್ಲ, ಟೀಚರ್ ಇದ್ರೂ ಸುಮ್ನೆ ಕೂತಿರಬೇಕು. ಇದು ನಂಗೆ ಪೂರ್ತಿ ಒಪ್ಪಿಗೆ. 2001ರಲ್ಲಿ ಚಿಕ್ಕ ಮಕ್ಕಳ ಸ್ಕೂಲಲ್ಲಿ ಬೆಲ್ ಹೊಡೆದ ಮೇಲೆ ಹೊರಗಿನ ದೊಡ್ಡವರೇ ಬಂದು ಗುಡ್ ನ್ಯೂಸ್ ಕ್ಲಬ್ ಅನ್ನೋ ಬೈಬಲ್ ಕ್ಲಬ್ ನಡೆಸಬಹುದು ಅಂತ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಅಷ್ಟು ಒಪ್ಪಿಗೆ ಇಲ್ಲ, ಅಪ್ಪ ಅಮ್ಮನ ಸಹಿ ಬೇಕು ಅನ್ನೋದು ನಿಜ, ಆದ್ರೆ ಆರು ವರ್ಷದ ಮಗುಗೆ ಮೂರು ಗಂಟೆಗೆ ಟೀಚರ್ ಎದ್ದುಹೋಗಿ ಅದೇ ರೂಮಲ್ಲಿ ಇನ್ನೊಬ್ರು ದೊಡ್ಡವರು ನಿಂತ್ರೆ ಸ್ಕೂಲು ಎಲ್ಲಿ ಮುಗೀತು ಅಂತ ಹೇಗೆ ತಿಳಿಯುತ್ತೆ. 2022ರಲ್ಲಿ ಫುಟ್‌ಬಾಲ್ ಕೋಚ್ ಮೈದಾನದ ಮಧ್ಯೆ ಮಂಡಿಯೂರಿ ಪ್ರಾರ್ಥಿಸೋದು ಅವನ ಸ್ವಂತ ಹಕ್ಕು ಅಂತ ಅದೇ ಕೋರ್ಟು ಹೇಳಿತು, ಟೀಮಲ್ಲಿ ಯಾರು ಆಡ್ಬೇಕು ಅಂತ ತೀರ್ಮಾನ ಮಾಡೋ ಮನುಷ್ಯ. 2025ರಲ್ಲಿ ಟೆಕ್ಸಸ್ ಪ್ರತಿ ಕ್ಲಾಸ್‌ರೂಮಲ್ಲೂ 16 ಇಂಚು ಅಗಲ 20 ಇಂಚು ಎತ್ತರದ ಹತ್ತು ಆಜ್ಞೆಗಳ ಪೋಸ್ಟರ್ ಹಾಕ್ಬೇಕು ಅಂತ ಕಾನೂನು ಮಾಡಿತು, ಅದನ್ನ ಪ್ರಶ್ನಿಸಿ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತರು, ಯಹೂದಿಗಳ ಜೊತೆ ಹಿಂದೂ ಕುಟುಂಬವೂ ಇತ್ತು. ನಂಗೆ ಭಯ ಇರೋದು ಇಲ್ಲಿ, ಮಣಿ ಬಳೆ ಕೊಟ್ಟ ಹುಡುಗಿಯ ಹತ್ರ ಅಲ್ಲ. ಗೋಡೆ ಮೇಲೆ ಪೋಸ್ಟರ್ ಇರೋ ರೂಮಲ್ಲಿ ಆ ಹುಡುಗಿ ಅದೇ ಮಾತು ಹೇಳಿದ್ರೆ ಅದರ ತೂಕವೇ ಬೇರೆ ಆಗುತ್ತೆ, ನನ್ನ ಮಗಳು ಬೇಡ ಅಂದ್ರೆ ಆಗ ಗೆಳತಿಗೆ ಮಾತ್ರ ಅಲ್ಲ, ಗೋಡೆಗೂ ಹೇಳ್ಬೇಕು.

ಶುಕ್ರವಾರದ ಪೂಜೆ

ಇದನ್ನ ಬರೀವಾಗ ನಾನು ಓದಿದ ಸರ್ಕಾರಿ ಪ್ರಾಥಮಿಕ ಶಾಲೆ ನೆನಪಾಗದೆ ಇರಲ್ಲ. ಶುಕ್ರವಾರ ಸಂಜೆ ಶಾರದಾ ಪೂಜೆ. ಮಕ್ಕಳೆಲ್ಲ ನಾಲ್ಕಾಣೆ ಎಂಟಾಣೆ ಕೊಡೋದು, ಮೇಷ್ಟ್ರು ಕಾಯಿ, ಬಾಳೆಹಣ್ಣು, ಕಡ್ಲೆಪುರಿ ತರಿಸೋರು, ಫೋಟೋಕ್ಕೆ ಸೇವಂತಿಗೆ ಹಾರ, ನಾವು ಹುಡುಗೀರು ಹಾಡು. ನಮ್ಮ ಕ್ಲಾಸಲ್ಲಿ ಒಬ್ಬಳು ಮುಸ್ಲಿಂ ಹುಡುಗಿ ಇದ್ದಳು, ಅವಳೂ ನಾಲ್ಕಾಣೆ ತರೋಳು, ಸಾಲಲ್ಲಿ ನಿಲ್ಲೋಳು, ಮಂಗಳಾರತಿ ಬಂದಾಗ ಎಲ್ಲರ ಹಾಗೆ ಕೈ ಮುಂದೆ ಹಿಡಿಯೋಳು, ಕಡ್ಲೆಪುರಿ ಪೊಟ್ಟಣ ಕಟ್ಕೊಂಡು ಮನೆಗೆ ಒಯ್ಯೋಳು. ಅವಳಿಗೆ ಖುಷಿ ಇತ್ತೋ ಇಲ್ವೋ, ಅವರ ಮನೆಯಲ್ಲಿ ಏನಂತಿದ್ರೋ, ಯಾರೂ ಕೇಳಿರಲಿಲ್ಲ. ನಮ್ಮ ಸಂವಿಧಾನದ 28ನೇ ವಿಧಿ ಸರ್ಕಾರದ ಹಣದಲ್ಲೇ ಪೂರ್ತಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು ಅನ್ನುತ್ತೆ, ಸರ್ಕಾರ ಮಾನ್ಯ ಮಾಡಿದ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಪೂಜೆ ಪ್ರಾರ್ಥನೆಗೆ ನಿಲ್ಲಿಸೋ ಹಾಗಿಲ್ಲ, ಚಿಕ್ಕ ಮಕ್ಕಳಾದ್ರೆ ಪೋಷಕರ ಒಪ್ಪಿಗೆ ಬೇಕು ಅಂತಾನೂ ಅನ್ನುತ್ತೆ. ಸಾಂಟಾ ಫೇಯ ಮಾರ್ಮನ್ ಹುಡುಗಿ ಬಗ್ಗೆ ಓದಿದಾಗ ನಂಗೆ ಮೊದಲು ಕಣ್ಮುಂದೆ ಬಂದಿದ್ದು ಈ ಹುಡುಗಿಯ ಮುಖ.

ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಒಂದು ದಾರಿ ಇದೆ ಅನ್ನೋದು ತೀರ್ಪುಗಳನ್ನ ಓದಿದ್ರೆ ಗೊತ್ತಾಗುತ್ತೆ. 1943ರಲ್ಲಿ, ಯುದ್ಧದ ಮಧ್ಯೆ, ವೆಸ್ಟ್ ವರ್ಜೀನಿಯಾದಲ್ಲಿ ಧ್ವಜಕ್ಕೆ ಸೆಲ್ಯೂಟ್ ಹೊಡೆಯಲ್ಲ ಅಂದ ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದ ಮಕ್ಕಳ ಪರ ಅಮೆರಿಕದ ಸುಪ್ರೀಂ ಕೋರ್ಟು ನಿಂತಿತು. 1985ರಲ್ಲಿ ಕೇರಳದಲ್ಲಿ ಅದೇ ಪಂಗಡದ ಮೂರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ತಿದ್ರು, ಆದ್ರೆ ಹಾಡ್ತಿರಲಿಲ್ಲ ಅಂತ ಶಾಲೆಯಿಂದ ತೆಗೆದಾಗ, 1986ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಜಸ್ಟಿಸ್ ಚಿನ್ನಪ್ಪ ರೆಡ್ಡಿಯವರು ಆ ಅಮೆರಿಕದ ತೀರ್ಪನ್ನೂ ನೋಡಿ, ಮಕ್ಕಳನ್ನ ವಾಪಸ್ ಸೇರಿಸ್ಕೊಳ್ಳಿ ಅಂದ್ರು. 2022ರಲ್ಲಿ ಉಡುಪಿಯಿಂದ ಶುರುವಾದ ಹಿಜಾಬ್ ಕೇಸಲ್ಲಿ ಕರ್ನಾಟಕ ಹೈಕೋರ್ಟು ಮಾರ್ಚ್ 15ಕ್ಕೆ ಸರ್ಕಾರದ ಪರ ಹೇಳಿತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಲ್ಲಿ ಇಬ್ಬರು ಜಡ್ಜುಗಳು ಒಬ್ಬೊಬ್ರು ಒಂದೊಂದು ಕಡೆ ಆದ್ರು, ಹುಡುಗಿಯರ ಪರ ಬರೆದ ಜಸ್ಟಿಸ್ ಸುಧಾಂಶು ಧೂಲಿಯಾ ಅವರು ಆಧಾರವಾಗಿ ಇಟ್ಕೊಂಡಿದ್ದು ಆ ಕೇರಳದ ಮೂರು ಮಕ್ಕಳ ತೀರ್ಪನ್ನೇ. ಟೆಕ್ಸಸ್‌ನಲ್ಲಿ ಹಣೆಗೆ ಕುಂಕುಮ ಇಟ್ಕೊಂಡು ಸ್ಕೂಲಿಗೆ ಹೋಗೋ ನನ್ನ ಮಗಳ ಹಕ್ಕನ್ನ ಕೇಳೋ ಬಾಯಲ್ಲಿ ಉಡುಪಿಯ ಹುಡುಗಿಯರಿಗೆ ಇಲ್ಲ ಅನ್ನೋಕೆ ನಂಗೆ ಬರಲ್ಲ. ಇದನ್ನ ನಮ್ಮ ಇಲ್ಲಿನ ಗೆಳೆಯರ ಬಳಗದಲ್ಲಿ ಹೇಳಿ ಮಾತು ಬಿಟ್ಟವರೂ ಇದಾರೆ, ಅದು ನೋವಿನ ವಿಷಯವೇ, ಆದ್ರೂ ಹೇಳ್ತೀನಿ.

ಮಗಳ ಕ್ಲಬ್ಬು

ಈಗ ಮಗಳು ಹೈಸ್ಕೂಲು. ಹೋದ ವರ್ಷ ಅವಳೂ ಅವಳ ಗೆಳತಿಯರೂ ಸೇರಿ ಸ್ಕೂಲಲ್ಲಿ ಹಿಂದೂ ವಿದ್ಯಾರ್ಥಿಗಳ ಕ್ಲಬ್ ಶುರು ಮಾಡಿದ್ರು, ಅದೇ 1984ರ ಕಾನೂನಿನ ಅಡಿ, ಬೈಬಲ್ ಕ್ಲಬ್ಬಿನ ಪಕ್ಕದ ರೂಮಲ್ಲಿ. ಅವರಿಗೆ ಅಡ್ವೈಸರ್ ಆಗಿ ಒಪ್ಪಿದ್ದು ಕೆಮಿಸ್ಟ್ರಿ ಟೀಚರ್, ಪ್ರತಿ ಭಾನುವಾರ ಚರ್ಚಿಗೆ ಹೋಗೋರು, ಕ್ಲಬ್ ನಡೆಯೋವಾಗ ಹಿಂದಿನ ಬೆಂಚಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತಿರ್ತಾರಂತೆ, ಒಂದು ಮಾತೂ ಆಡಲ್ಲ. ದೀಪಾವಳಿಗೆ ಕ್ಲಬ್ಬಿನ ಮಕ್ಕಳು ಕೆಫೆಟೇರಿಯಾದಲ್ಲಿ ಟೇಬಲ್ ಹಾಕಿ ರಂಗೋಲಿ ಹಾಕೋದು ಕಲಿಸಿದ್ರು, ಜೊತೆಗೆ ಗೀತೆಯ ಒಂದು ಶ್ಲೋಕ, ಅರ್ಥ ಇರೋ ಕಾರ್ಡು. ಶ್ಲೋಕ ಹಾಕ್ಬೇಕಾ ಬೇಡ್ವಾ ಅಂತ ಅವರಲ್ಲೇ ಜೋರು ಚರ್ಚೆ ಆಯ್ತಂತೆ, ಒಬ್ಬ ಹುಡುಗ "ಇದು ನಾವೂ ಅವರ ಹಾಗೇ ಮಾಡಿದ ಹಾಗಾಗುತ್ತೆ" ಅಂದನಂತೆ, ನನ್ನ ಮಗಳು "ಒಂದ್ಸಲ ಕೊಡ್ತೀವಿ, ಬೇಡ ಅಂದ್ರೆ ವಾಪಸ್ ತಗೋತೀವಿ" ಅಂದಳಂತೆ. ಕೊನೆಗೆ ಹಾಕಿದ್ರು. ಸರಿಯಾಗೇ ಮಾಡಿದ್ರು ಅಂತ ನನ್ನ ಅಭಿಪ್ರಾಯ. ತನ್ನ ಮನೇಲಿ ಪವಿತ್ರ ಅನ್ನಿಸ್ಕೊಂಡಿರೋದನ್ನ ಸ್ಕೂಲಲ್ಲಿ ಬಾಯಿಬಿಡೋ ಹಾಗಿಲ್ಲ ಅಂತ ಹದಿನಾರು ವರ್ಷದ ಮಗು ಬೆಳೆಯೋದು ನಂಗೆ ಬೇಡ, ಯಾರ ಮನೆ ಮಗು ಆದ್ರೂ.

ಮೊನ್ನೆ ಬಂದು ಹೇಳಿದಳು, ಕ್ಲಬ್ಬಿಗೆ ಹೊಸಬರು ಸೇರಿದಾರೆ, ಅದರಲ್ಲಿ ಒಬ್ಬಳು ಬ್ಯಾಪ್ಟಿಸ್ಟ್ ಮನೆಯವಳು, ರಂಗೋಲಿ ಟೇಬಲ್ ಹತ್ರ ಕಾರ್ಡು ಓದಿ ಬಂದಿದ್ದು, ಧ್ಯಾನದ ಬಗ್ಗೆ ತಿಳ್ಕೋಬೇಕಂತೆ, ಯುಗಾದಿಗೆ ನಮ್ಮನೆಗೂ ಬರ್ತಾಳಂತೆ ಅಂತ. ಅವಳಮ್ಮಂಗೆ ಇದು ಗೊತ್ತಾ ಅಂತ ನಾನು ಮೊದಲು ಕೇಳಿದೆ. "ಗೊತ್ತಮ್ಮ, ಕ್ಲಬ್ ಇರೋ ದಿನ ಲೇಟಾಗುತ್ತೆ ಅಂತ ಅವಳಮ್ಮನೇ ಬಂದು ಪಿಕಪ್ ಮಾಡೋದು. ಹೋಳಿಗೆಯಲ್ಲಿ ನಟ್ಸ್ ಇರುತ್ತಾ ಅಂತ ಕೇಳು ಅಂದಿದಾರೆ, ಅವಳಿಗೆ ಅಲರ್ಜಿ." ಬರೀ ಬೇಳೆ ಹೂರಣ, ನಟ್ಸ್ ಇಲ್ಲ, ಪಲ್ಯದ ಒಗ್ಗರಣೆಗೆ ಕಡಲೆಬೀಜ ಹಾಕಲ್ಲ ಅಂತ ಅವರಿಗೆ ಮೆಸೇಜ್ ಕಳಿಸಿದೀನಿ.